ಟ್ರೆಕ್ಕಿಂಗ್ ಬ್ಯಾಗ್: ಮೊದಲು ಬೆನ್ನು ಅಳೆಯಿರಿ

ಬೇಸಿಗೆ ರಜೆ ಮುಗಿಯುತ್ತಿದ್ದಂತೆ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹಿಮಾಲಯ ಹತ್ತಿ ಬಂದವರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಮಂಡಿ ನೋವಿನವರು ಇದ್ದೇ ಇರುತ್ತಾರೆ. ಭುಜ ಹಿಡಿದುಕೊಂಡಿದೆ, ಬೆರಳು ಜೋಮು ಹಿಡಿಯುತ್ತದೆ ಅನ್ನುವವರೂ ಕಡಿಮೆಯೇನಿಲ್ಲ. "ಭಾರ ಜಾಸ್ತಿ ಆಯ್ತು ಅನ್ಸುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಬ್ಯಾಗ್ ತಂದು ಹೊತ್ತು ತೋರಿಸಿ ಅನ್ನುತ್ತೇನೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂತಿರುತ್ತದೆ. ಇಲ್ಲವೇ ಕಟ್ಟದೆ ಸುಮ್ನೆ ಜೋತಾಡುತ್ತಿರುತ್ತದೆ.

ಅಂಗಡಿಯಲ್ಲಿ ನಾವು ಕೇಳುವುದು ಲೀಟರ್ ಲೆಕ್ಕ. 50 ಲೀಟರೋ 60 ಲೀಟರೋ ಅಂತ. ಒಳಗೆ ಎಷ್ಟು ಹಿಡಿಯುತ್ತದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ನಿಮಗೆ ಸರಿಹೋಗುವುದೋ ಇಲ್ಲವೋ ಅನ್ನುವುದನ್ನು ಹೇಳುವುದು ಬೆನ್ನಿನ ಉದ್ದ. ಎತ್ತರ ನೋಡಿ ಇದನ್ನು ಊಹಿಸಲು ಆಗುವುದಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರುತ್ತದಲ್ವಾ?

ಅಳೆಯುವುದು ಸುಲಭ, ಆದರೆ ಇನ್ನೊಬ್ಬರು ಬೇಕು. ತಲೆ ಮುಂದಕ್ಕೆ ಬಗ್ಗಿಸಿ. ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಆಮೇಲೆ ಹೆಬ್ಬೆರಳು ಬೆನ್ನಿನ ಕಡೆ ಬರುವಂತೆ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿ ಇಡಿ. ಹೆಬ್ಬೆರಳುಗಳ ನಡುವೆ ಒಂದು ಗೆರೆ ಎಳೆದಂತೆ ಅಂದುಕೊಳ್ಳಿ. ಕತ್ತಿನ ಮೂಳೆಯಿಂದ ಆ ಗೆರೆಯವರೆಗೆ ಟೈಲರ್ ಟೇಪನ್ನು ಬೆನ್ನಿಗೆ ಅಂಟಿದಂತೆ ಹಿಡಿಯಿರಿ. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 53 ಸೆಂ.ಮೀ. ಒಳಗೆ ಬರುತ್ತದೆ. ಈಗ ಅನೇಕ ಬ್ಯಾಗ್‌ಗಳಲ್ಲಿ ಭುಜದ ಪಟ್ಟಿಯ ಬುಡವನ್ನು ಮೇಲೆ ಕೆಳಗೆ ಮಾಡಬಹುದು. ಬಾಡಿಗೆ ಬ್ಯಾಗ್ ತಂದವರು ಇದನ್ನು ನೋಡುವುದೇ ಇಲ್ಲ. ಹಿಂದಿನವರ ಬೆನ್ನಿಗೆ ಹೊಂದಿಸಿದ್ದನ್ನೇ ಹೊತ್ತು ಹೊರಟುಬಿಡುತ್ತಾರೆ!

ಖಾಲಿ ಬ್ಯಾಗ್ ಎಲ್ಲರಿಗೂ ಹಾಯಾಗಿಯೇ ಇರುತ್ತದೆ. ಹಾಗಾಗಿ ಎಂಟು ಹತ್ತು ಕೆ.ಜಿ. ತುಂಬಿಸಿ ನೋಡಿ. ನೀರಿನ ಬಾಟಲಿಗಳೇ ಸಾಕು, ಒಂದು ಲೀಟರ್‌ಗೆ ಒಂದು ಕೆ.ಜಿ. ಭಾರದ್ದು ಬೆನ್ನಿಗೆ ಒತ್ತಿಕೊಂಡು ನಡುಭಾಗದಲ್ಲಿರಲಿ. ಎಲ್ಲ ಪಟ್ಟಿ ಸಡಿಲ ಮಾಡಿ ಹೊರಿ. ಮೊದಲು ಸೊಂಟದ ಪಟ್ಟಿ. ಮೂಳೆಯ ಮೇಲಂಚು ಪಟ್ಟಿಯ ಅಗಲದ ಮಧ್ಯಕ್ಕೆ ಬರಬೇಕು. ಆಮೇಲೆ ಭುಜದ ಪಟ್ಟಿ, ಬೆನ್ನಿಗೆ ಬ್ಯಾಗ್ ತಾಗುವಷ್ಟು ಮಾತ್ರ. ನಂತರ ಭುಜದ ಮೇಲಿನ ಚಿಕ್ಕ ಪಟ್ಟಿಗಳು, ಅಂದರೆ ಲೋಡ್ ಲಿಫ್ಟರ್. ಅವು ಭುಜದಿಂದ ಬ್ಯಾಗಿನ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ಏರಬೇಕು. ಎದೆ ಪಟ್ಟಿ ಕೊನೆಗೆ, ಉಸಿರು ಕಟ್ಟದಂತೆ. ಎಲ್ಲ ಸರಿಯಿದ್ದರೆ ಭಾರದ ಮುಕ್ಕಾಲು ಪಾಲು ಸೊಂಟಕ್ಕೆ ಇಳಿಯುತ್ತದೆ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅಂತ ಕೇಳುವವರಿದ್ದಾರೆ. ಕತ್ತಿನಿಂದ ಕೈಗೆ ಹೋಗುವ ನರಗಳ ಕಟ್ಟು ಕಾಲರ್ ಮೂಳೆಯ ಅಡಿಯಲ್ಲಿ ಹಾದುಹೋಗುತ್ತದೆ. ಗಂಟೆಗಟ್ಟಲೆ ಭುಜದ ಪಟ್ಟಿ ಅಲ್ಲಿ ಅದುಮಿದರೆ ಕೈ ಜೋಮು ಹಿಡಿಯುತ್ತದೆ. ಹಾಗಂತ ಸೊಂಟದ ಪಟ್ಟಿಯನ್ನು ಸಿಕ್ಕಾಪಟ್ಟೆ ಬಿಗಿಯುವುದೂ ತಪ್ಪು. ತೊಡೆಯ ಹೊರಮೈ ಚರ್ಮಕ್ಕೆ ಹೋಗುವ ನರವೊಂದು ಸೊಂಟದ ಮೂಳೆಯ ಮುಂದಿನ ತುದಿಯ ಹತ್ತಿರವೇ ಇದೆ. ಅದು ಒತ್ತಿಕೊಂಡರೆ ತೊಡೆ ಉರಿಯುತ್ತದೆ, ಮರಗಟ್ಟುತ್ತದೆ. ಪಟ್ಟಿಯ ಅಡಿಗೆ ಪ್ಯಾಂಟಿನ ಬೆಲ್ಟ್, ಜೇಬಿನಲ್ಲಿ ಮೊಬೈಲ್ ಇದ್ದರಂತೂ ಇನ್ನೂ ಕಷ್ಟ.

ಕುಮಾರ ಪರ್ವತದಂಥ ಕಡಿದಾದ ದಾರಿಯಲ್ಲಿ ಇಳಿಯುವಾಗ ಲೋಡ್ ಲಿಫ್ಟರ್ ಸ್ವಲ್ಪ ಬಿಗಿ ಮಾಡಿ, ಬ್ಯಾಗ್ ಓಲಾಡುವುದಿಲ್ಲ. ಸಮತಟ್ಟು ಬಂದಾಗ ಸಡಿಲಿಸಿ. ಭುಜ ಚಿಕ್ಕದಿರುವ ಹೆಣ್ಣುಮಕ್ಕಳು ಅವರಿಗೆಂದೇ ಮಾಡಿದ ಬ್ಯಾಗನ್ನೂ ಹೊತ್ತು ನೋಡುವುದು ಒಳ್ಳೆಯದು. ಅದರ ಭುಜದ ಪಟ್ಟಿಗಳು ಹತ್ತಿರ ಹತ್ತಿರ ಇರುತ್ತವೆ.

ಬ್ಯಾಗ್ ಇಳಿಸಿದ ಸ್ವಲ್ಪ ಹೊತ್ತಿಗೆ ಜೋಮು ಹೋದರೆ ಪಟ್ಟಿ ಸರಿಮಾಡಿ ಮುಂದೆ ನಡೆಯಿರಿ. ಮಾರನೇ ಬೆಳಿಗ್ಗೆಯೂ ಹೋಗದಿದ್ದರೆ, ಅಥವಾ ಕೈ ಎತ್ತಲು ಶಕ್ತಿ ಸಾಲದಿದ್ದರೆ ಅವತ್ತು ಬ್ಯಾಗ್ ಹೊರಬೇಡಿ. ಪೋರ್ಟರ್‌ಗೋ ಕುದುರೆಗೋ ಕೊಡಿ. ಊರಿಗೆ ಬಂದ ಕೂಡಲೇ ವೈದ್ಯರಿಗೆ ತೋರಿಸಿ.