ಗ್ರಾಹಕ ಕಂಪನಿ ದಿವಾಳಿಯಾದ ಮೇಲೆ, ಬಂದಿದ್ದ ಬಿಲ್ ಹಣವನ್ನು ಹಿಂದಿರುಗಿಸಬೇಕೆ?

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವಿದೆ. ಆರು ವರ್ಷಗಳಿಂದ ನಮ್ಮಿಂದ ಮಾಲು ಕೊಳ್ಳುತ್ತಿದ್ದ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಗಿದೆ. ಅದಕ್ಕೆ ಎಂಟು ತಿಂಗಳ ಮೊದಲು ನಮಗೆ ಬಂದ 6,40,000 ರೂಪಾಯಿಯನ್ನು ಹದಿನೈದು ದಿನದೊಳಗೆ ಹಿಂದಿರುಗಿಸಿ ಎಂದು, ಆ ಕಂಪನಿಯ ಆಡಳಿತ ನೋಡಿಕೊಳ್ಳಲು ನೇಮಕವಾಗಿರುವ ರೆಸಲ್ಯೂಷನ್ ಪ್ರೊಫೆಷನಲ್ ಪತ್ರ ಕಳಿಸಿದ್ದಾರೆ. ಮಾಲು ಕೊಟ್ಟು ಪಡೆದ ಹಣವನ್ನು ಏಕೆ ಕೊಡಬೇಕು?

ಉತ್ತರ: ನಿಮ್ಮ ಕೈಗೆ ಬಂದಿರುವುದು ಬೇಡಿಕೆಯ ಪತ್ರವೇ ಹೊರತು ಆದೇಶವಲ್ಲ. ಹಣ ಹಿಂದಿರುಗಿಸಬೇಕೆಂದು ಹೇಳುವ ಅಧಿಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಇದೆ. ರೆಸಲ್ಯೂಷನ್ ಪ್ರೊಫೆಷನಲ್ ಅಲ್ಲಿ ಅರ್ಜಿ ಹಾಕಬಹುದು, ಸ್ವತಃ ತೀರ್ಪು ಕೊಡಲಾರರು. ಹಾಗೆಂದು ಪತ್ರವನ್ನು ಡ್ರಾಯರಿನಲ್ಲಿಟ್ಟು ಮರೆಯುವಂತಿಲ್ಲ, ಗಾಬರಿಯಲ್ಲಿ ಕಂತು ಕೇಳಿ ಇ-ಮೇಲ್ ಬರೆಯುವುದಂತೂ ಬೇಡವೇ ಬೇಡ.

2016ರ ದಿವಾಳಿ ಸಂಹಿತೆಯ 43ನೇ ಕಲಂ ಇಂಥ ಪಾವತಿಗಳನ್ನು ಕುರಿತದ್ದು. ಮುಳುಗುತ್ತಿರುವ ಕಂಪನಿ ಹತ್ತು ಜನರಿಗೆ ಬಾಕಿ ಉಳಿಸಿಕೊಂಡು, ಒಬ್ಬರ ಹಳೆಯ ಸಾಲವನ್ನು ಮಾತ್ರ ತೀರಿಸಿ, ಆಸ್ತಿ ಹಂಚಿಕೆಯಲ್ಲಿ ಅವರಿಗೆ ಸಿಗಬಹುದಾಗಿದ್ದಕ್ಕಿಂತ ಹೆಚ್ಚು ಸಿಗುವಂತೆ ಮಾಡಿದರೆ ಅದು ಉಳಿದವರಿಗಾದ ಅನ್ಯಾಯ ಎಂಬುದು ಅದರ ತರ್ಕ. ಕಂಪನಿಯ ಸಂಬಂಧಿತರಿಗೆ (ನಿರ್ದೇಶಕರು, ಅವರ ಬಂಧುಗಳಂಥವರಿಗೆ) ಮಾಡಿದ ಪಾವತಿಯಾದರೆ ಎರಡು ವರ್ಷ, ನಿಮ್ಮಂಥ ಹೊರಗಿನವರಿಗಾದರೆ ಒಂದು ವರ್ಷ ಹಿಂದಕ್ಕೆ ನೋಡಲಾಗುತ್ತದೆ. ಸಂಹಿತೆ ಜಾರಿಗೆ ಬಂದ ರೂಪದಲ್ಲಿ ಈ ಅವಧಿಯನ್ನು, ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಲು ಕೋರಿದ ಅರ್ಜಿ ಅಂಗೀಕಾರವಾದ ದಿನದಿಂದ ಹಿಂದಕ್ಕೆ ಎಣಿಸಬೇಕು. 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿದ್ದುಪಡಿ ಮಸೂದೆಯೊಂದು ಬಂದಿರುವುದರಿಂದ, ಉತ್ತರ ಬರೆಯುವ ದಿನ ಚಾಲ್ತಿಯಲ್ಲಿರುವ ಪಠ್ಯವನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ನಿಮ್ಮ ರಕ್ಷಣೆ ಇರುವುದು ಅದೇ ಕಲಂನಲ್ಲಿ: ಕೊಟ್ಟ ಕಂಪನಿಯ ಅಥವಾ ಪಡೆದವರ ವ್ಯವಹಾರದ ಸಾಮಾನ್ಯ ರೂಢಿಯಲ್ಲಿ ನಡೆದ ಪಾವತಿಗೆ ಅದು ಅನ್ವಯಿಸುವುದಿಲ್ಲ. ಆದರೆ ಜೇಪೀ ಇನ್ಫ್ರಾಟೆಕ್ ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕಲಂನಲ್ಲಿರುವ ‘ಅಥವಾ’ ಎಂಬ ಪದವನ್ನು ‘ಮತ್ತು’ ಎಂದೇ ಓದಬೇಕೆಂದಿತು. ಅಂದರೆ ಪಾವತಿ ನಿಮಗೆ ರೂಢಿಯಾಗಿದ್ದರೆ ಸಾಲದು, ಕೊಟ್ಟ ಕಂಪನಿಗೂ ರೂಢಿಯಾಗಿರಬೇಕು. ಇದಕ್ಕೆ ನಿಮ್ಮ ಲೆಡ್ಜರೇ ಸಾಕ್ಷಿ. ಕಳೆದ ಮೂರು ವರ್ಷದ ಪುಟಗಳನ್ನು ತೆಗೆದು, ಪ್ರತಿ ಬಿಲ್ಲಿನ ಮುಂದೆ ಹಣ ಎಷ್ಟನೇ ದಿನಕ್ಕೆ ಬಂತೆಂದು ಬರೆಯಿರಿ. ಅರವತ್ತು ದಿನದ ಉದರಿ ಎಂದಿದ್ದರೂ ಅವರು ಎಂದಿನಿಂದಲೂ ಎಪ್ಪತ್ತು, ಎಪ್ಪತ್ತೈದನೇ ದಿನಕ್ಕೆ ಕೊಡುತ್ತಿದ್ದು, ಈ 6,40,000 ಕೂಡ ಹಾಗೆಯೇ ಬಂದಿದ್ದರೆ ನಿಮ್ಮ ನೆಲೆ ಗಟ್ಟಿಯಾಗಿದೆ. ಅದರ ಬದಲು ನೀವು ಲಾರಿಯನ್ನು ಗೇಟಿನಲ್ಲೇ ನಿಲ್ಲಿಸಿ, “ಹಳೇ ಬಾಕಿ ಪೂರ್ತಿ ಚುಕ್ತಾ ಆಗದೆ ಇನ್ನೊಂದು ಪೆಟ್ಟಿಗೆಯನ್ನೂ ಇಳಿಸುವುದಿಲ್ಲ” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದ ಮಾರನೆಯ ದಿನ ನಾಲ್ಕು ಬಿಲ್‌ಗಳ ಹಣ ಒಟ್ಟಿಗೆ ಬಂದಿದ್ದರೆ, ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಆ ಸಂದೇಶವನ್ನೇ. ಬೆವರು ಸುರಿಸಿ ದುಡಿದ ಹಣವನ್ನು ಗದರಿಸಿ ವಸೂಲಿ ಮಾಡಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ಕಾನೂನು ಮಾತ್ರ ಆ ಕೋನದಿಂದ ನೋಡುವುದಿಲ್ಲ.

ಮುಂಗಡವಾಗಿ ಅಥವಾ ಮಾಲು ಇಳಿಸಿದಾಗಲೇ ಬಂದ ಹಣ ಹಳೆಯ ಸಾಲದ ತೀರುವಳಿಯಲ್ಲ, ಅದನ್ನು ಲೆಕ್ಕದಲ್ಲಿ ಬೇರೆಯಾಗಿ ತೋರಿಸಿ. ದಿವಾಳಿ ಅರ್ಜಿ ಅಂಗೀಕಾರವಾದ ನಂತರ ಹಳೆಯ ಬಾಕಿಗೆ ಬಂದ ಹಣದ ಮಾತು ಬೇರೆ: ಆ ದಿನದಿಂದ ಹಳೆಯ ಬಾಕಿಯ ವಸೂಲಿಗೆ 14ನೇ ಕಲಂ ಹಾಕುವ ತಡೆ ಜಾರಿಯಲ್ಲಿರುವುದರಿಂದ ಅಂಥ ಹಣವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಉತ್ತರವನ್ನು ಚಿಕ್ಕದಾಗಿ, ಲಿಖಿತವಾಗಿ ಕೊಡಿ. ಯಾವ ಕಲಂ, ಯಾವ ದಿನಾಂಕದ ಪಾವತಿ, ಯಾವ ಆಧಾರ ಎಂದು ಕೇಳಿ. ನಿಮ್ಮ ಪಟ್ಟಿಯನ್ನು, ಗೇಟಿನ ಮೊಹರಿರುವ ಡೆಲಿವರಿ ಚಲನ್‌ಗಳ ಪ್ರತಿಗಳೊಡನೆ ಲಗತ್ತಿಸಿ. ಬೇಡಿಕೆಯನ್ನು ಒಪ್ಪಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಆ ಕಂಪನಿಯಿಂದ ನಿಮಗೆ ಇನ್ನೂ ಬಾಕಿ ಬರಬೇಕಿದ್ದರೆ, ಈ ತಕರಾರು ಮುಗಿಯಲೆಂದು ಕಾಯದೆ, ಸಾರ್ವಜನಿಕ ಪ್ರಕಟಣೆಯಲ್ಲಿ ಕೊಟ್ಟಿರುವ ಗಡುವಿನೊಳಗೆ ಮಾಲು ಪೂರೈಸಿದವರಿಗಿರುವ ಫಾರ್ಮ್ ಬಿಯಲ್ಲಿ ಕ್ಲೇಮ್ ಸಲ್ಲಿಸಿ.