ಆಪ್ತಸಮಾಲೋಚನೆಗೂ ಮೊದಲು ಎರಡು ರಾತ್ರಿಯ ನಿದ್ದೆ

ಬೆಳಗಾವಿಯ ಬಸ್ ನಿಲ್ದಾಣದಲ್ಲೋ ವಿಜಯಪುರದ ರೈಲು ನಿಲ್ದಾಣದಲ್ಲೋ ರಾತ್ರಿ ಕಳೆಯುವ ಹತ್ತೊಂಬತ್ತರ ಹುಡುಗನ ಕೈಗೆ ‘ಆಪ್ತಸಮಾಲೋಚನೆಗೆ ಮುಂದಿನ ವಾರ ಹನ್ನೊಂದು ಗಂಟೆಗೆ ಬಾ’ ಎಂದು ಚೀಟಿ ಕೊಟ್ಟರೆ ಅವನು ಬರುವುದು ಕಡಿಮೆ. ಬರದವನು ಹಠಮಾರಿ, ಚಟಗಾರ ಅನ್ನಿಸಿಕೊಳ್ಳುತ್ತಾನೆ. ದೆವ್ವ ಬಡಿದಿದೆ ಎಂದು ತಾಯತ ಕಟ್ಟಿಸುವವರೂ ಇದ್ದಾರೆ. ಇಲ್ಲಿ ದೆವ್ವದ ಪಾಲು ಏನೂ ಇಲ್ಲ. ಇರುವುದು ನಿದ್ದೆ ಮತ್ತು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಲೆಕ್ಕ.

1936ರಲ್ಲಿ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲೆ ಚಳಿ, ಗಾಯ, ವಿಷ ಎಲ್ಲವನ್ನೂ ಪ್ರಯೋಗಿಸಿ ನೋಡಿದ. ಪೆಟ್ಟು ಬೇರೆಬೇರೆ, ದೇಹದ ಉತ್ತರ ಮಾತ್ರ ಒಂದೇ: ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಹೊಟ್ಟೆಯಲ್ಲಿ ಹುಣ್ಣು. ಆ ಗ್ರಂಥಿಯಿಂದ ಹೊರಡುವ ಕಾರ್ಟಿಸಾಲ್ ಬೆಳಗ್ಗೆ ಏಳುವ ಹೊತ್ತಿಗೆ ಏರಿ ರಾತ್ರಿಗೆ ಇಳಿಯಬೇಕು. ಲಾಠಿಗೂ ಕಳ್ಳನಿಗೂ ಹೆದರಿ ಮಲಗುವವನಲ್ಲಿ ಈ ಏರಿಳಿತ ಕೆಡಬಹುದು. ಹಕ್ಕಿ ಓಡಿಸಲು ಜೋಳದ ಹೊಲದ ಅಟ್ಟ ಏರಿದ ಕಾವಲುಗಾರನಂತೆ ಅವನ ಮಿದುಳಿನಲ್ಲಿ ಅಪಾಯ ಗುರುತಿಸುವ ಭಾಗವಾದ ಅಮಿಗ್ಡಲಾ ಎಲೆ ಅಲುಗಿದರೂ ಕೂಗು ಹಾಕುತ್ತದೆ. ನಿದ್ದೆಗೆಟ್ಟಾಗ ಅದರ ಮೇಲೆ ಹಣೆಯ ಹಿಂದಿನ ಮಿದುಳಿನ ಹಿಡಿತ ಸಡಿಲ. ಮುಂದಿನ ವಾರವನ್ನು ಯೋಚಿಸಬೇಕಾದದ್ದೂ ಇದೇ ಭಾಗ. ಇದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಅಂಥವನಿಗೆ ನಾವು ಕೊಡುವುದು ಒಂದು ಚೀಟಿ!

ಆದ್ದರಿಂದ ಕ್ರಮ ತಿರುವುಮುರುವಾಗಬೇಕು. ಮೊದಲು ಊಟ, ನಗರದ ರಾತ್ರಿ ತಂಗುದಾಣದಲ್ಲಿ ಒಂದೆರಡು ರಾತ್ರಿಯ ನಿದ್ದೆ, ಆಮೇಲೆ ಮಾತು. ಮಾತು ಅಲ್ಲೇ ನಡೆಯಲಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ವಾರದ ದಿನ, ಹೊತ್ತು, ಆಪ್ತಸಮಾಲೋಚಕರು ಬದಲಾಗಬಾರದು. ಹಮಾಲಿಗೂ ಹೋಟೆಲ್ ಕೆಲಸಕ್ಕೂ ಹೋಗುವವರು ಬೆಳಗಿನ ಹೊತ್ತು ಸಿಗುವುದಿಲ್ಲ, ಸಂಜೆಯೇ ಸರಿ. ನಶೆಗಾಗಿ ಸೊಲ್ಯೂಶನ್ (ಪಂಕ್ಚರ್ ಅಂಟು) ಮೂಸಿ ಬಂದ ದಿನ ಮಾತು ಬೇಡ, ಗಾಳಿ ಆಡುವ ಜಾಗದಲ್ಲಿ ಪಕ್ಕ ಕೂತರೆ ಸಾಕು; ಪ್ರಜ್ಞೆ ಮಂಕಾದರೆ ನೇರ ಆಸ್ಪತ್ರೆಗೆ. ‘ಮನೆ ಯಾಕೆ ಬಿಟ್ಟೆ?’ ಎಂದು ಮೊದಲ ದಿನವೇ ಕೆದಕುವುದು ನಮ್ಮವರ ದೊಡ್ಡ ಚಾಳಿ. ಆಘಾತವನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಅದರ 2011ರ ಕೈಪಿಡಿ ಹೇಳುವುದು ನೋಡು, ಆಲಿಸು, ನೆರವಿಗೆ ಜೋಡಿಸು, ಇಷ್ಟೇ.

ಜೋಡಿಸುವಲ್ಲೇ ಕೆಲಸ ಕೆಡುವುದು. ಹೊರರೋಗಿ ಚೀಟಿ ಬರೆಸುವಾಗ ವಿಳಾಸ, ಆಧಾರ್ ಕೇಳಿದರೆಂದು ಹುಡುಗರು ವಾಪಸಾಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಮನೆಯಿಲ್ಲದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಇದನ್ನು ಕೌಂಟರ್‌ನಲ್ಲಿ ಹೇಳಲು ಜೊತೆಗೊಬ್ಬರು ಹೋಗಬೇಕು. ಮೊದಲು ಬೀದಿಯಲ್ಲಿದ್ದು ಈಗ ನೆಲೆ ಕಂಡವರಾದರೆ ಹುಡುಗ ಬೇಗ ನಂಬುತ್ತಾನೆ. ಹದಿನೆಂಟು ತುಂಬದವರಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ರಾತ್ರಿ ಎರಡಕ್ಕೆ ಹೆದರಿಕೆಯಿಂದ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ: ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನಿಲ್ಲದವನಿಗೆ ತಂಗುದಾಣದವರು ತಮ್ಮದನ್ನು ಕೊಡಬಹುದು. ಆದರೆ ಸ್ಪೀಕರ್ ಹಾಕಬಾರದು, ಪಕ್ಕದಲ್ಲಿ ನಿಲ್ಲಬಾರದು. ಮರಳಿ ಕರೆ ಬರುವುದಿದ್ದರೆ ಅದನ್ನು ಯಾರು ಎತ್ತಬೇಕು, ಏನೆಂದು ಹೇಳಿ ಹುಡುಗನನ್ನು ಕರೆಯಬೇಕು ಎಂಬುದನ್ನು ಅವನನ್ನೇ ಕೇಳಿ ಗೊತ್ತುಮಾಡಿಕೊಳ್ಳಬೇಕು.