‘ನನ್ನ ಹೆಂಡತಿ ಹೆತ್ತದ್ದು ಇಬ್ಬರನ್ನು’

ಮನೆ ಜಗಳ ಹಿಡಿದುಕೊಂಡು ಯಾರಾದರೂ ನನ್ನ ಬಳಿ ಬಂದರೆ ಮೊದಲು ಒಂದು ದೊಡ್ಡ ಬಿಳಿ ಹಾಳೆ ತೆಗೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತುಂಬಾ ಹತ್ತಿರದವರ ನಡುವೆ ಜೋಡಿ ಗೆರೆ, ಜಗಳ ಇರುವ ಕಡೆ ಅಂಕುಡೊಂಕು ಗೆರೆ, ಮಾತು ನಿಂತುಹೋದ ಕಡೆ ತುಂಡು ಗೆರೆ. ಕಡಿಮೆ ಅಂದರೂ ಮೂರು ತಲೆಮಾರು ಬರೆಯಬೇಕು. ಇದಕ್ಕೆ ಜೆನೋಗ್ರಾಮ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ ವಿಚಾರಗಳಿಂದ ಬೆಳೆದು ಬಂದ ಪದ್ಧತಿ ಇದು. ಬಂದವರು ಹೇಳುವುದು ಹೋದ ವಾರದ ಜಗಳ. ಹಾಳೆ ತುಂಬುವ ಹೊತ್ತಿಗೆ ಅದು ಅಜ್ಜನ ಕಾಲದ್ದು ಎಂದು ಅವರಿಗೇ ಕಾಣುತ್ತದೆ.

ಆಪ್ತಸಮಾಲೋಚನೆ ಕಲಿಯುವ ಹೊಸಬರಿಗೆ ಇದನ್ನು ಹೇಳಿಕೊಡುವಾಗ ಒಂದು ತೊಂದರೆ. ನಮ್ಮ ಬಳಿ ಬಂದವರ ಮನೆಯ ವಿಷಯ ಇನ್ನೊಬ್ಬರ ಮುಂದೆ ಬಿಚ್ಚುವಂತಿಲ್ಲ. ಹಾಗಾಗಿ ನಾನು ಬೈಬಲಿನ ಆದಿಕಾಂಡಕ್ಕೆ ಹೋಗುತ್ತೇನೆ. ಅಬ್ರಹಾಮ, ಇಸಾಕ, ಯಾಕೋಬ, ಯೋಸೇಫ: ನಾಲ್ಕು ತಲೆಮಾರು ಒಂದೇ ಪುಸ್ತಕದಲ್ಲಿ ಸಿಗುತ್ತವೆ. ಇವರು ನಿಜವಾಗಿ ಬದುಕಿದ್ದರಾ, ಯಾವ ಶತಮಾನದಲ್ಲಿ ಎಂಬುದು ಇತಿಹಾಸಕಾರರ ತಲೆನೋವು. ನನಗೆ ಬೇಕಾದದ್ದು ಕಥೆ ಕಟ್ಟಿದವರ ಕಣ್ಣು. ಸಂಸಾರ ಹೇಗಿರುತ್ತದೆ ಎಂದು ಆ ಕಣ್ಣಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ತ್ರಿಕೋನ, ಅಂದರೆ ಮೂವರ ನಡುವಿನ ಸಿಕ್ಕು, ಅಬ್ರಹಾಮನ ಡೇರೆಯಲ್ಲೇ ಶುರುವಾಗುತ್ತದೆ. ಮಕ್ಕಳಿಲ್ಲದ ಸಾರ ತನ್ನ ಐಗುಪ್ತದ (ಈಜಿಪ್ಟಿನ) ದಾಸಿ ಹಾಗರಳನ್ನು ಗಂಡನಿಗೆ ಕೊಡುತ್ತಾಳೆ. ಈಗ ಓದಿದರೆ ಮೈ ಉರಿಯುತ್ತದೆ, ಆದರೆ ಆ ಸೀಮೆಯಲ್ಲಿ ಇದು ಕಂಡು ಕೇಳದ ಸಂಗತಿ ಅಲ್ಲ. ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಾನೂನಿನ 146ನೇ ಕಲಮು ಇಂಥದ್ದೇ ಒಂದು ಮನೆಯ ಬಗ್ಗೆ ಇದೆ. ಅಲ್ಲಿ ಹೆಂಡತಿ ಒಬ್ಬ ಪೂಜಾರಿಣಿ. ಅವಳು ಗಂಡನಿಗೆ ಕೊಟ್ಟ ದಾಸಿ ಮಕ್ಕಳನ್ನು ಹೆತ್ತು, ಯಜಮಾನಿಗೆ ತಾನೂ ಸಮ ಎಂದು ನಡೆದುಕೊಂಡರೆ ಅವಳನ್ನು ಮಾರುವಂತಿಲ್ಲ. ಆದರೆ ಮತ್ತೆ ದಾಸಿಯರ ಸಾಲಿಗೆ ಸೇರಿಸಬಹುದು. ಕಾನೂನು ಬರೆದಿಡಬೇಕಾದಷ್ಟು ಈ ಜಗಳ ಮಾಮೂಲಾಗಿತ್ತು ಅಂತಾಯಿತು.

ಹಾಗರ್ ಬಸುರಿಯಾದ ಮೇಲೆ ಸಾರಳಿಗೆ ತಡೆಯಲಾಗುವುದಿಲ್ಲ. ಅಬ್ರಹಾಮ ಏನು ಹೇಳುತ್ತಾನೆ? ‘ನಿನ್ನ ದಾಸಿ ನಿನ್ನ ಕೈಯಲ್ಲೇ ಇದ್ದಾಳೆ, ನಿನಗೆ ಸರಿ ಕಂಡ ಹಾಗೆ ಮಾಡು.’ ಇಂಥ ಗಂಡಸರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಇನ್ನೂ ಒಂದು ಸಣ್ಣ ವಿಷಯ ಗಮನಿಸಿ. ಗಂಡ ಹೆಂಡತಿ ಇಬ್ಬರೂ ಅವಳನ್ನು ‘ದಾಸಿ’ ಅನ್ನುತ್ತಾರೆಯೇ ಹೊರತು ಒಮ್ಮೆಯೂ ಹೆಸರು ಹಿಡಿಯುವುದಿಲ್ಲ. ‘ಹಾಗರಳೇ’ ಎಂದು ಮೊದಲು ಕರೆಯುವುದು ಮರುಭೂಮಿಯ ನೀರಿನ ಬಳಿ ಕಂಡ ದೇವದೂತ.

ಅವಳ ಮಗ ಇಷ್ಮಾಯೇಲ ಹುಟ್ಟಿದಾಗ ಅಪ್ಪನಿಗೆ 86 ವರ್ಷ. ಸಾರಳ ಮಗ ಇಸಾಕ ಹುಟ್ಟಿದ್ದು ಅಪ್ಪನ 100ನೇ ವರ್ಷದಲ್ಲಿ. ಆಮೇಲೆ ದೊಡ್ಡವನನ್ನೂ ಅವನ ತಾಯಿಯನ್ನೂ ರೊಟ್ಟಿ, ಒಂದು ತೊಗಲ ಚೀಲದ ನೀರು ಕೊಟ್ಟು ಹೊರಗೆ ಕಳಿಸಲಾಯಿತು. ಚಿಕ್ಕವನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಕೊನೇ ಗಳಿಗೆಯಲ್ಲಿ ಬಿಡಲಾಯಿತು. ಆ ಬೆಟ್ಟ ಇಳಿದ ಮೇಲೆ ಅಪ್ಪ ಮಗ ಮತ್ತೆ ಮಾತಾಡಿದ ಒಂದೇ ಒಂದು ಸಾಲೂ ಪುಸ್ತಕದಲ್ಲಿ ಇಲ್ಲ. ಮುಂದೆ ಇಸಾಕ ಕಾಣಿಸುವುದು ಲಹೈರೋಯಿ ಬಾವಿಯ ಕಡೆಯಿಂದ ಬರುವಾಗ. ಅದು ಹಾಗರಳ ಬಾವಿ! ದೇವದೂತ ಅವಳ ಹೆಸರು ಹಿಡಿದು ಕರೆದ ಜಾಗ. ಅಪ್ಪ ತೀರಿಕೊಂಡ ಮೇಲೆ ಇಸಾಕ ಅಲ್ಲೇ ನೆಲೆಸುತ್ತಾನೆ. ಹೊರಹಾಕಿದವರ ಬಾವಿಯ ಹತ್ತಿರ ಯಾಕೆ ಹೋದ ಎಂದು ಕಥೆ ಹೇಳುವುದಿಲ್ಲ. 175 ವರ್ಷದ ಅಬ್ರಹಾಮನನ್ನು ಮಕ್ಪೇಲದ ಗವಿಯಲ್ಲಿ ಹೂಳಲು ಮಾತ್ರ ಇಬ್ಬರು ಮಕ್ಕಳೂ ಬಂದರು.

ಎರಡನೇ ತಲೆಮಾರು ನಿಮಗೆ ಗೊತ್ತಿರಬಹುದು. ಅವಳಿ ಮಕ್ಕಳು, ಏಸಾವ ಮತ್ತು ಯಾಕೋಬ. ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ಬೇಟೆಯ ಮಾಂಸ ತಂದುಕೊಡುತ್ತಾನೆ ಎಂದು. ರೆಬೆಕ್ಕಳಿಗೆ ಯಾಕೋಬನ ಮೇಲೆ ಪ್ರೀತಿ. ಅದಕ್ಕೆ ಕಥೆ ಕಾರಣ ಕೊಡುವುದಿಲ್ಲ, ತಾಯಿಯ ಪ್ರೀತಿಗೆ ಕಾರಣ ಕೇಳುವವರು ಯಾರು? ಏಸಾವ ಕೆಂಪು ಬೇಳೆಯ ಅಡುಗೆಗೆ ಚೊಚ್ಚಲತನ (ಹಿರಿಮಗನ ಹಕ್ಕು) ಮಾರಿಕೊಂಡ ಪ್ರಸಂಗವನ್ನೇ ಎಲ್ಲರೂ ನೆನಪಿಡುತ್ತಾರೆ. ನನ್ನ ಹಾಳೆಗೆ ಬೇಕಾದದ್ದು ಅದಲ್ಲ, ಆ ಮನೆಯಲ್ಲಿ ಮಾತು ಹರಿಯುವ ದಾರಿ. ಬೇಟೆಯ ಊಟ ತಂದುಕೊಡು, ಆಶೀರ್ವಾದ ಮಾಡುತ್ತೇನೆ ಎಂದು ಇಸಾಕ ಏಸಾವನಿಗೆ ಹೇಳಿದ್ದನ್ನು ರೆಬೆಕ್ಕ ಕದ್ದು ಕೇಳುತ್ತಾಳೆ, ಯಾಕೋಬನಿಗೆ ಹೇಳುತ್ತಾಳೆ. ಗಂಡನ ಹತ್ತಿರ ನೇರವಾಗಿ ಹೋಗಿ ಒಂದು ಮಾತೂ ಆಡುವುದಿಲ್ಲ. ಏಸಾವನ ಬಟ್ಟೆ ತೊಡಿಸಿ, ಕೂದಲು ತುಂಬಿದ ಅಣ್ಣನ ಕೈಯಂತಿರಲಿ ಎಂದು ಕೈಗೆ ಮೇಕೆಮರಿಯ ಚರ್ಮ ಸುತ್ತಿ, ಕಣ್ಣು ಮಂಜಾದ ಅಪ್ಪನ ಮುಂದೆ ಚಿಕ್ಕವನನ್ನು ನಿಲ್ಲಿಸುತ್ತಾಳೆ. ಆಶೀರ್ವಾದ ಕೈತಪ್ಪಿದ ಏಸಾವ ಅಳುತ್ತಾ ಕೇಳುತ್ತಾನೆ: ‘ಅಪ್ಪಾ, ನಿನ್ನ ಹತ್ತಿರ ಇರುವುದು ಒಂದೇ ಆಶೀರ್ವಾದವೋ?’ ಆಸ್ತಿ ವಿಷಯಕ್ಕೆ ಬಂದವರೂ ಕೊನೆಗೆ ಕೇಳುವುದು ಇದನ್ನೇ, ಅಲ್ವಾ?

ಏಸಾವನ ಸಿಟ್ಟಿಗೆ ಹೆದರಿ ರೆಬೆಕ್ಕ ಯಾಕೋಬನನ್ನು ತನ್ನ ಅಣ್ಣ ಲಾಬಾನನ ಮನೆಗೆ ಕಳಿಸಿದಳು. ‘ನಾಲ್ಕು ದಿನ ಅಲ್ಲಿದ್ದು ಬಾ’ ಅನ್ನುವ ಅರ್ಥದ ಮಾತು ಹೇಳಿದಳು. ಅವನು ಅಲ್ಲಿ 20 ವರ್ಷ ಉಳಿದ. ತಾಯಿ ಮಗ ಮತ್ತೆ ಭೇಟಿಯಾದ ಕಥೆ ಇಲ್ಲ. ಹೀಬ್ರೂ ಮೂಲದಲ್ಲಿ ಅದೇ ‘ನಾಲ್ಕು ದಿನ’ದ ಪದಗಳು ಇನ್ನೊಂದು ಕಡೆ ಬರುತ್ತವೆ: ಲಾಬಾನನ ಕಿರಿಮಗಳು ರಾಹೇಲಳನ್ನು ಮದುವೆಯಾಗಲು ದುಡಿದ 7 ವರ್ಷ ಯಾಕೋಬನಿಗೆ ನಾಲ್ಕು ದಿನದ ಹಾಗೆ ಕಂಡಿತಂತೆ. ತಾಯಿ ಎಣಿಸುತ್ತಿದ್ದ ದಿನಗಳೇ ಮಗನಿಗೆ ಹಾಗೆ ಹಾರಿಹೋದವು.

7 ವರ್ಷ ಮುಗಿದು ಮದುವೆಯಾಗಿ ಬೆಳಗಾದಾಗ ನೋಡಿದರೆ ಪಕ್ಕದಲ್ಲಿ ಇದ್ದವಳು ರಾಹೇಲಳ ಅಕ್ಕ ಲೇಯ. ಯಾಕೋಬ ರೇಗಾಡಿದ. ಲಾಬಾನ ತಣ್ಣಗೆ ಹೇಳಿದ: ‘ದೊಡ್ಡವಳಿಗಿಂತ ಮೊದಲು ಚಿಕ್ಕವಳನ್ನು ಕೊಡುವುದು ನಮ್ಮ ಕಡೆ ಪದ್ಧತಿ ಇಲ್ಲ.’ ಅಣ್ಣನ ಜಾಗ ಕಸಿದು ಬಂದವನಿಗೆ ಹೇಳಿದ ಮಾತು ಇದು! ರಾಹೇಲಳಿಗಾಗಿ ಮತ್ತೆ 7 ವರ್ಷ.

ಈ ಇಡೀ ಹಾಳೆಯಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಲೇಯಳ ವೃತ್ತದ ಹತ್ತಿರ. ಅವಳ ದುಃಖ ಕೇಳಿದವರು ಯಾರೂ ಇಲ್ಲ. ಹಾಗಾಗಿ ಅದನ್ನು ಮಕ್ಕಳ ಹೆಸರಿನಲ್ಲಿ ಬರೆದಿಟ್ಟಳು. ಮೊದಲನೆಯವನು ರೂಬೇನ: ದೇವರು ನನ್ನ ಕಷ್ಟ ನೋಡಿದ್ದಾನೆ, ಇನ್ನಾದರೂ ಗಂಡ ನನ್ನನ್ನು ಪ್ರೀತಿಸುತ್ತಾನೆ. ಎರಡನೆಯವನು ಸಿಮೆಯೋನ: ನಾನು ಗಂಡನಿಗೆ ಬೇಡವಾದವಳು ಎಂಬುದು ದೇವರ ಕಿವಿಗೆ ಬಿದ್ದಿದೆ. ಮೂರನೆಯವನು ಲೇವಿ: ಮೂರು ಗಂಡುಮಕ್ಕಳಾದವು, ಈಗಲಾದರೂ ಗಂಡ ನನ್ನೊಂದಿಗೆ ಕೂಡಿಕೊಂಡಾನು. ನಾಲ್ಕನೆಯವನು ಹುಟ್ಟಿದಾಗ ‘ಈಗ ದೇವರನ್ನು ಕೊಂಡಾಡುತ್ತೇನೆ’ ಎಂದಳು, ಅಷ್ಟೇ. ಗಂಡನ ಮಾತೇ ಇಲ್ಲ. ಆ ಮಗನ ಹೆಸರು ಯೆಹೂದ. ಇವನನ್ನು ನೆನಪಿಟ್ಟುಕೊಳ್ಳಿ.

ಇಬ್ಬರು ಅಕ್ಕತಂಗಿಯರು, ಅವರ ಇಬ್ಬರು ದಾಸಿಯರು, 12 ಗಂಡುಮಕ್ಕಳು, ದೀನ ಎಂಬ ಮಗಳು. ಯಾಕೋಬನ ಜೋಡಿ ಗೆರೆ ಹೋಗುವುದು ರಾಹೇಲಳ ಮೊದಲ ಮಗ ಯೋಸೇಫನಿಗೆ ಮಾತ್ರ. ಮಕ್ಕಳಲ್ಲಿ ಭೇದ ಮಾಡಿದರೆ ಏನಾಗುತ್ತದೆ ಎಂದು ತನ್ನ ಬದುಕಿನಲ್ಲೇ ಕಂಡವನು, ಅದನ್ನೇ ಯೋಸೇಫನಿಗೆ ಒಂದು ಅಂಗಿ ಹೊಲಿಸಿ ಊರಿಗೆಲ್ಲ ತೋರಿಸಿದ. ಹುಡುಗನಿಗೆ ಆಗ 17 ವರ್ಷ. ಅಣ್ಣಂದಿರು ಅವನನ್ನು ಗುಂಡಿಗೆ ಹಾಕಿದರು. ಮಾರೋಣ ಎಂದವನು ಯೆಹೂದ. ಬೆಲೆ 20 ಬೆಳ್ಳಿ ನಾಣ್ಯ. ಕೊಂಡವರು ಇಷ್ಮಾಯೇಲನ ಪೀಳಿಗೆಯ ವ್ಯಾಪಾರಿಗಳು, ಒಯ್ದದ್ದು ಹಾಗರಳ ಐಗುಪ್ತಕ್ಕೆ, ದಾಸನನ್ನಾಗಿ. ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಅಪ್ಪನಿಗೆ ಕಳಿಸಿದರು: ‘ಗುರುತಿಸು, ಇದು ನಿನ್ನ ಮಗನ ಅಂಗಿಯೋ ಅಲ್ಲವೋ?’ ಮೇಕೆ ಮತ್ತು ಅಣ್ಣನ ಬಟ್ಟೆಯಿಂದ ಅಪ್ಪನಿಗೆ ಮೋಸ ಮಾಡಿದವನಿಗೆ ಹೋತ ಮತ್ತು ಮಗನ ಬಟ್ಟೆಯಿಂದಲೇ ಮೋಸ.

ಮುಂದಿನ ಅಧ್ಯಾಯದಲ್ಲಿ ಆ ‘ಗುರುತಿಸು’ ಎಂಬ ಮಾತು ಯೆಹೂದನಿಗೇ ತಿರುಗಿ ಬರುತ್ತದೆ. ವಿಧವೆ ಸೊಸೆ ತಾಮಾರಳಿಗೆ ಅವನು ಕೊಟ್ಟ ಮಾತಿನಂತೆ ಮೂರನೆಯ ಮಗನನ್ನು ಮದುವೆ ಮಾಡಿ ಕೊಡಲಿಲ್ಲ. ಅವಳು ಮುಸುಕು ಹಾಕಿ ಅವನಿಂದಲೇ ಬಸುರಾದಳು, ಅವನ ಮುದ್ರೆ, ದಾರ, ಕೋಲು ಇಟ್ಟುಕೊಂಡಿದ್ದಳು. ಬಸುರಾದದ್ದಕ್ಕೆ ಅವಳನ್ನು ಸುಡಿಸಲು ಹೊರಟವನ ಮುಂದೆ ಅವನ್ನು ಇಟ್ಟು ‘ಗುರುತಿಸು’ ಎಂದಳು. ಯೆಹೂದ ತಪ್ಪಿಸಿಕೊಳ್ಳಲಿಲ್ಲ. ‘ನನಗಿಂತ ಅವಳೇ ನ್ಯಾಯವಂತಳು’ ಎಂದ. ನನಗೆ ಕಂಡ ಮಟ್ಟಿಗೆ ಆ ಮನೆಯ ಗಂಡಸರಲ್ಲಿ ತಪ್ಪು ನನ್ನದು ಎಂದು ಬಾಯಿಬಿಟ್ಟು ಒಪ್ಪಿಕೊಂಡ ಮೊದಲಿಗ ಇವನೇ.

ನನ್ನ ಬಳಿ ಬರುವವರು ಸಾಮಾನ್ಯವಾಗಿ ಕೇಳುವುದು ಇದು: ‘ಮೇಡಂ, ನಮ್ಮ ಅಪ್ಪನಿಗೆ ಸ್ವಲ್ಪ ತಿಳಿಹೇಳಿ.’ ಅಪ್ಪ ಬದಲಾದರೆ ತಾನೂ ಬದಲಾಗುತ್ತೇನೆ ಎಂಬ ಲೆಕ್ಕ. ಅವರಿಗೆ ಆದಿಕಾಂಡದ 44ನೇ ಅಧ್ಯಾಯ ಓದಿ ಹೇಳಬೇಕು ಅನ್ನಿಸುತ್ತದೆ. ಯೋಸೇಫ ಐಗುಪ್ತದ ದೊಡ್ಡ ಅಧಿಕಾರಿಯಾಗಿದ್ದಾನೆ, ಬರಗಾಲದಲ್ಲಿ ಧಾನ್ಯಕ್ಕೆ ಬಂದ ಅಣ್ಣಂದಿರಿಗೆ ಗುರುತು ಹತ್ತಿಲ್ಲ. ರಾಹೇಲಳ ಇನ್ನೊಬ್ಬ ಮಗ ಬೆನ್ಯಾಮೀನನನ್ನು ಕಳ್ಳತನದ ನೆಪದಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ. ಯೆಹೂದ ಮುಂದೆ ಬಂದು ಅಪ್ಪ ಹೇಳಿದ್ದನ್ನು ಹಾಗೇ ಹೇಳುತ್ತಾನೆ: ‘ನನ್ನ ಹೆಂಡತಿ ನನಗೆ ಹೆತ್ತದ್ದು ಇಬ್ಬರನ್ನು ಎಂದು ನಿಮಗೆ ಗೊತ್ತು.’ ಹೇಳುತ್ತಿರುವವನು ಲೇಯಳ ಮಗ! ಅಪ್ಪನ ಲೆಕ್ಕದಲ್ಲಿ ತನ್ನ ತಾಯಿ ಹೆಂಡತಿಯೇ ಅಲ್ಲ, ತಾನು ಮಗನೂ ಅಲ್ಲ. ಆ ಮಾತನ್ನು ನುಂಗಿಕೊಂಡು, ಈ ಹುಡುಗನಿಲ್ಲದೆ ಹೋದರೆ ಅಪ್ಪ ಸಾಯುತ್ತಾನೆ, ಅವನ ಬದಲು ನನ್ನನ್ನು ದಾಸನಾಗಿ ಇಟ್ಟುಕೋ ಎನ್ನುತ್ತಾನೆ. ಯೋಸೇಫ ತಡೆಯಲಾರದೆ ಜೋರಾಗಿ ಅತ್ತು, ನಾನೇ ಯೋಸೇಫ ಎಂದದ್ದು ಇದಾದ ಮೇಲೆ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅಪ್ಪ ಸತ್ತ ಮೇಲೆ ಅಣ್ಣಂದಿರು ಯೋಸೇಫನಿಗೆ ಮತ್ತೆ ಹಳೇ ದಾರಿಯಲ್ಲೇ ಹೇಳಿಕಳಿಸಿದರು: ‘ನಮ್ಮನ್ನು ಕ್ಷಮಿಸಬೇಕಂತ ಅಪ್ಪ ಸಾಯುವ ಮೊದಲು ಹೇಳಿದ್ದ.’ ಅಪ್ಪ ಹಾಗೆ ಹೇಳಿದ್ದು ಹಿಂದೆ ಎಲ್ಲೂ ಬಂದಿಲ್ಲ. ಅದನ್ನು ಕೇಳಿ ಯೋಸೇಫ ಮತ್ತೆ ಅತ್ತ.

ಯಾಕೋಬನೂ ಕೊನೇವರೆಗೆ ಯಾಕೋಬನೇ. 147ನೇ ವಯಸ್ಸಿನಲ್ಲಿ ಐಗುಪ್ತದಲ್ಲಿ ಹಾಸಿಗೆ ಹಿಡಿದಾಗ, ತನ್ನನ್ನು ಮಕ್ಪೇಲದ ಗವಿಯಲ್ಲೇ ಹೂಳಬೇಕೆಂದು ಮಕ್ಕಳಿಗೆ ಹೇಳಿದ. ರಾಹೇಲಳ ಸಮಾಧಿ ಬೇತ್ಲೆಹೇಮಿನ ದಾರಿಯಲ್ಲಿ ಉಳಿಯಿತು. ಗವಿಯಲ್ಲಿ ಇದ್ದವಳು ಲೇಯ. ಅಲ್ಲಿ ಯಾರ್‍ಯಾರು ಇದ್ದಾರೆ ಎಂದು ಒಬ್ಬೊಬ್ಬರನ್ನೇ ಎಣಿಸಿದ: ಅಬ್ರಹಾಮನನ್ನೂ ಅವನ ಹೆಂಡತಿ ಸಾರಳನ್ನೂ ಅಲ್ಲಿ ಹೂಳಿಟ್ಟರು, ಇಸಾಕನನ್ನೂ ಅವನ ಹೆಂಡತಿ ರೆಬೆಕ್ಕಳನ್ನೂ ಅಲ್ಲಿ ಹೂಳಿಟ್ಟರು, ನಾನು ಲೇಯಳನ್ನು ಅಲ್ಲಿ ಹೂಳಿಟ್ಟೆ. ಅಜ್ಜಿಗೆ ‘ಅವನ ಹೆಂಡತಿ’, ಅಮ್ಮನಿಗೆ ‘ಅವನ ಹೆಂಡತಿ’. ಲೇಯಳಿಗೆ ಬರೀ ಹೆಸರು.